ಉಳಿದುಹೋದ ಒನ್ಸ್‌ಮೋರ್

ನನಗೆ ಉಸಿರು ಬರುವುದು ಇನ್ನೊಬ್ಬರ ಕಾಲಿನಿಂದ. ಎರಡು ಪಾದಗಳು ನನ್ನ ಪೆಡಲುಗಳ ಮೇಲೆ ಕೂತು ಒಂದಾದ ಮೇಲೊಂದು ಒತ್ತುತ್ತಿದ್ದರೆ ಬದುಕಿರುತ್ತೇನೆ. ಅವು ನಿಂತರೆ, ತಿದಿಯಲ್ಲಿ ಮಿಕ್ಕ ಗಾಳಿ ಮುಗಿಯುವವರೆಗೆ ಒಂದೆರಡು ಕ್ಷಣ ಗುಂಯ್‌ಗುಟ್ಟಿ, ಆಮೇಲೆ ಬರೀ ಮರದ ಪೆಟ್ಟಿಗೆ. ಹೀಗಾಗಿ ಮನುಷ್ಯರನ್ನು ಮುಖ ನೋಡಿ ಗುರುತಿಸುವುದನ್ನು ನಾನು ಕಲಿಯಲೇ ಇಲ್ಲ. ನನಗೆ ಪಾದಗಳು ಗೊತ್ತು.

ಜನ ನನ್ನನ್ನು ಕಾಲುಪೇಟಿ ಅನ್ನುತ್ತಾರೆ. ಹುಟ್ಟಿದ್ದು ಮಿರಜಿನ ಒಂದು ಸಂದಿಯಲ್ಲಿ. ನನ್ನನ್ನು ಮಾಡಿದ ಬಡಗಿಗೆ ಕೆಮ್ಮಿತ್ತು. ಸಾಗುವಾನಿ ಹಲಗೆ ಜೋಡಿಸಿ, ಚರ್ಮದ ತಿದಿ ಕಟ್ಟಿ, ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಅರದಿಂದ ಕೆರೆದು ಶ್ರುತಿಗೆ ತಂದ. ಕೆರೆಯುವುದು, ಊದಿ ಕೇಳುವುದು, ಕೆಮ್ಮುವುದು, ಮತ್ತೆ ಕೆರೆಯುವುದು. ಹುಟ್ಟಿ ಮುಗಿಯುವ ಮೊದಲೇ ನಾನು ಒಂದೊಂದು ಸ್ವರವನ್ನೂ ನೂರು ಸಲ ಹೇಳಿದ್ದೆ. ಮುಂದಿನ ಬಾಳಿಗೆ ಅದೇ ತಾಲೀಮು ಎಂದು ಆಗ ತಿಳಿಯಲಿಲ್ಲ.

ನನ್ನನ್ನು ಕೊಂಡವರು ಶ್ರೀ ಬೆಟ್ಟದೀಶ್ವರ ನಾಟ್ಯ ಸಂಘದ ಮಾಲಕರು, ಸಿದ್ರಾಮಪ್ಪನವರು. ಅವರ ಚಪ್ಪಲಿ ಕಿರ್ ಕಿರ್ ಅನ್ನುತ್ತಿತ್ತು. ಆ ಸದ್ದು ಬಂದರೆ ಕಂಪನಿಯ ನಟರೆಲ್ಲ ಮಾತು ನಿಲ್ಲಿಸುತ್ತಿದ್ದರು. ಸೊಲ್ಲಾಪುರದಿಂದ ಹೊಸಪೇಟೆಯವರೆಗೆ ಎಲ್ಲಿ ಕಂಪನಿಯ ಕ್ಯಾಂಪು ಬಿದ್ದರೂ ನಾನು ಲಾರಿಯಲ್ಲಿ ಪರದೆಗಳ ನಡುವೆ ಮಲಗಿ ಹೋಗುತ್ತಿದ್ದೆ. ತಗಡಿನ ಥೇಟರು ಎದ್ದು ನಿಂತ ಮೇಲೆ ವೇದಿಕೆಯ ಮುಂದೆ ಒಂದು ತಗ್ಗು ತೋಡುತ್ತಿದ್ದರು. ಅದು ನನ್ನ ಜಾಗ. ನನ್ನ ನೆತ್ತಿಗೆ ಸಮವಾಗಿ ವೇದಿಕೆಯ ಅಂಚು. ಮೇಲೆ ನೋಡಿದರೆ ರಾಜರು, ರಾಣಿಯರು, ಸಾಹುಕಾರರು, ಕಳ್ಳರು; ಎಲ್ಲರೂ ನನಗೆ ಮೊದಲು ಪಾದ, ಆಮೇಲೆ ಉಳಿದದ್ದು.

ನನಗೆ ಉಸಿರು ಕೊಟ್ಟವರು ದಾವಲಸಾಬ ಮಾಸ್ತರರು. ತೆಳ್ಳನೆಯ ಕಾಲು, ಬಲಗಾಲಿನ ಕಿರುಬೆರಳು ಸೊಟ್ಟ. ನನ್ನ ಮೇಲೆ ಕಾಲಿಡುವ ಮೊದಲು ಬಗ್ಗಿ ಪೆಡಲನ್ನು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ದಿನಕ್ಕೆರಡು ಆಟವಿದ್ದರೆ ಎರಡು ಸಲ ಒತ್ತಿಕೊಳ್ಳುತ್ತಿದ್ದರು. ಒಬ್ಬ ನಟ ಒಮ್ಮೆ ತಮಾಷೆ ಮಾಡಿದ: “ಮಾಸ್ತರ, ಕೈ ಮುಗದು ಒದೀತೀರಲ್ಲ, ಇದ್ಯಾವ ಭಕ್ತಿ?”

“ಕೈ ಮುಗೀದನ ಒದಿಯೋರು ನಿಮ್ಮ ಮಾಲಕರು. ಅವರನ್ನ ಕೇಳು ಹೋಗು,” ಅಂದರು ಮಾಸ್ತರರು. ಕಿರ್ ಕಿರ್ ಸದ್ದು ಹತ್ತಿರದಲ್ಲೇ ಇತ್ತು. ಆ ನಟ ಅಲ್ಲಿಂದ ಮಾಯವಾದ.

ಕಂಪನಿಯ ದೊಡ್ಡ ನಾಟಕ ‘ಹೊಳೆಯಾಚೆಯ ರಾಣಿ’. ಹಾಡುಗಳ ನಾಟಕ, ಮಾತು ಕಡಿಮೆ, ಹಾಡು ಇಪ್ಪತ್ತಾರು. ಕಥೆ ದೊಡ್ಡದೇನಲ್ಲ. ಹೊಳೆಯ ಆಚೆ ದಡದಲ್ಲಿ ರಾಣಿ, ಈಚೆ ದಡದಲ್ಲಿ ರಾಜ. ಯುದ್ಧಕ್ಕೆ ಹೋದ ರಾಜನ ದೋಣಿಗೆ ಆಕೆ ಕಾಯುತ್ತಾಳೆ, ದೋಣಿ ಬರುವುದಿಲ್ಲ. ಕೊನೆಯ ಅಂಕದಲ್ಲಿ ದಡದ ಮೇಲೆ ಕೂತು ಒಂದು ಹಾಡು: “ಬಾರದ ದೋಣಿಗೆ ದೀಪ ಹಚ್ಚಿಟ್ಟೇನ…”

ರಾಣಿಯ ಪಾತ್ರ ಕಸ್ತೂರಿಬಾಯಿಯದು. ಆಕೆಯ ಹಿಮ್ಮಡಿ ಒಡೆದಿರುತ್ತಿತ್ತು, ಅದಕ್ಕೆ ಅರಿಸಿನ ಎಣ್ಣೆ ಮೆತ್ತಿಕೊಂಡಿರುತ್ತಿದ್ದಳು. ಬಂಗಾರದ ಬಣ್ಣದ ಸೀರೆಯ ಕೆಳಗೆ ಅರಿಸಿನದ ಹಿಮ್ಮಡಿ ನನಗಷ್ಟೇ ಕಾಣುತ್ತಿತ್ತು. ಎತ್ತರದ ಸ್ವರ ಹಿಡಿಯುವ ಮೊದಲು ಆಕೆ ಎಡಗಾಲಿನ ಹೆಬ್ಬೆರಳನ್ನು ಹಲಗೆಗೆ ಒತ್ತುತ್ತಿದ್ದಳು. ಬೆರಳಿನ ಉಗುರು ಬೆಳ್ಳಗಾಗುವಷ್ಟು. ಮಾಸ್ತರರು ಆಕೆಯ ಮುಖ ನೋಡುತ್ತಿರಲಿಲ್ಲ, ಆ ಬೆರಳನ್ನು ನೋಡುತ್ತಿದ್ದರು. ಬೆರಳು ಒತ್ತಿತೆಂದರೆ ಇತ್ತ ಇವರ ಕಾಲು ನನ್ನನ್ನು ಒತ್ತುತ್ತಿತ್ತು. ನಾನು ಎದೆ ತುಂಬ ಗಾಳಿ ತುಂಬಿಕೊಂಡು ಆಕೆಯ ದನಿಯ ಕೆಳಗೆ ಬೆನ್ನು ಕೊಡುತ್ತಿದ್ದೆ. ಹೀಗೆ ಎರಡು ಪಾದ, ಒಂದು ಹೆಬ್ಬೆರಳು ಸೇರಿ ಒಂದು ಹಾಡಾಗುತ್ತಿತ್ತು.

ಆಮೇಲೆ ಬರುತ್ತಿತ್ತು ಆ ಕೂಗು. “ಒನ್ಸ್‌ಮೋರ್!”

ಕಂಪನಿ ನಾಟಕ ನೋಡದವರಿಗೆ ಹೇಳುತ್ತೇನೆ. ಹಾಡು ಮನಸ್ಸಿಗೆ ಹಿಡಿಸಿದರೆ ಜನ ಹಾಗೆ ಕೂಗುತ್ತಿದ್ದರು. ಕೂಗಿದರೆ ಹಾಡಲೇಬೇಕು, ಮೊದಲಿನಿಂದ, ಪೂರ್ತಿ. ಕಥೆ ನಿಲ್ಲಲಿ, ಹೊಳೆ ನಿಲ್ಲಲಿ. ಸತ್ತು ಬಿದ್ದ ರಾಜನೂ ಒನ್ಸ್‌ಮೋರ್ ಬಿದ್ದರೆ ಎದ್ದು ಕೂತು, ಕಿರೀಟ ಸರಿಪಡಿಸಿಕೊಂಡು, ಹಾಡಿ, ಮತ್ತೆ ಅದೇ ಜಾಗ ನೋಡಿಕೊಂಡು ಸಾಯುತ್ತಿದ್ದ. ದೋಣಿಯ ಹಾಡಿಗೆ ಮೂರು ಒನ್ಸ್‌ಮೋರ್ ಅಂದರೆ ಕಡಿಮೆ. ಹಾಡು ಮುಗಿದರೂ ಕಸ್ತೂರಿಬಾಯಿ ಹೆಬ್ಬೆರಳನ್ನು ಎತ್ತುತ್ತಿರಲಿಲ್ಲ. ಕೂಗಿಗೆ ಕಾಯುತ್ತ ಹಾಗೇ ಒತ್ತಿ ಹಿಡಿದಿರುತ್ತಿದ್ದಳು. ಕೂಗು ಬಂದರೆ ಮಾಸ್ತರರು ಕೇಳದೇನೇ ಮೊದಲ ಸ್ವರಕ್ಕೆ ಬರುತ್ತಿದ್ದರು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ನಾನು ದಣಿದಿದ್ದೆ. ಚರ್ಮ ಬಿರಿಯುತ್ತಿತ್ತು, ಪೆಡಲಿನ ಪಟ್ಟಿ ಸವೆಯುತ್ತಿತ್ತು, ಆಕೆಯ ಶ್ರುತಿ ಕರಿ ನಾಲ್ಕು, ಅಂದರೆ ನನ್ನ ನಾಲ್ಕನೆಯ ಕರಿ ಕೀ, ಆದ್ದರಿಂದ ಆ ಮನೆಯ ನೆತ್ತಿ ಬೆರಳಿನ ಬೆವರಿಗೆ ಬಿಳಿಚಿಕೊಂಡಿತ್ತು. ನಾಲ್ಕನೆಯ ಸಲ ಅದೇ ಬಾರದ ದೋಣಿಗೆ ಅದೇ ದೀಪ ಹಚ್ಚುವಾಗ ನನಗೆ ಅನ್ನಿಸುತ್ತಿತ್ತು: ಈ ಜನಕ್ಕೆ ಮನೆಯಿಲ್ಲವೆ? ದೋಣಿ ಬರುವುದಿಲ್ಲ ಎಂದು ನಿನ್ನೆಯೇ ನೋಡಿ ಹೋದವರು ಇಂದು ಬಂದು ಮತ್ತೇನು ಕೇಳುತ್ತಾರೆ?

ಇಪ್ಪತ್ತೊಂಬತ್ತು ವರ್ಷದ ಹಿಂದೆ ಕಂಪನಿ ಗುಳೇದಗುಡ್ಡದಲ್ಲಿ ಕ್ಯಾಂಪು ಹಾಕಿತು. ನೇಕಾರರ ಊರು. ಹಗಲೆಲ್ಲ ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತು ಕುಪ್ಪಸದ ಖಣ ನೇಯುವ ಜನ, ಸಂಜೆ ನಾಟಕಕ್ಕೆ ಬಂದು ಮೊದಲ ಸಾಲಿನಲ್ಲಿ ಕೂತರೆ ಅವರ ಕಾಲುಗಳು ಸುಮ್ಮನಿರುತ್ತಿರಲಿಲ್ಲ. ಮಗ್ಗ ತುಳಿದ ರೂಢಿಗೆ ಹಾಡಿನ ಲಯಕ್ಕೆ ಒಂದಾದ ಮೇಲೊಂದು ಏಳುತ್ತಿದ್ದವು. ತಗ್ಗಿನಲ್ಲಿ ಕೂತು ಕಾಲು ಆಡಿಸಿ ಬದುಕುವವರು ನಮ್ಮ ಹಾಗೆ ಇನ್ನೂ ಇದ್ದಾರೆ ಎಂದು ಆಗ ಗೊತ್ತಾಯಿತು. ಅವರಲ್ಲಿ ಒಬ್ಬ ಮುರಿಗೆಪ್ಪ. ಆ ಕ್ಯಾಂಪಿನಲ್ಲಿ ಒಂದು ಆಟವನ್ನೂ ಬಿಟ್ಟವನಲ್ಲ. ಮೊದಲ ಒನ್ಸ್‌ಮೋರ್ ಯಾವಾಗಲೂ ಅವನದೇ.

ಕೊನೆಯ ಆಟದ ದಿನ ಅದು ಕೊನೆಯ ಆಟವೆಂದು ಮಾಲಕರಿಗಷ್ಟೇ ಗೊತ್ತಿತ್ತು. ದೋಣಿಯ ಹಾಡಿಗೆ ಐದು ಒನ್ಸ್‌ಮೋರ್ ಬಿತ್ತು. ಐದನೆಯದೂ ಮುಗಿಯಿತು. ಆರನೆಯ ಕೂಗು ಎದ್ದಿತು. ಕಸ್ತೂರಿಬಾಯಿಯ ಹೆಬ್ಬೆರಳು ಒತ್ತಿತ್ತು, ಮಾಸ್ತರರ ಕಾಲು ಎದ್ದಿತ್ತು, ನಾನು ಶಪಿಸುತ್ತ ಗಾಳಿ ಎಳೆದುಕೊಂಡಿದ್ದೆ. ಆಗ ಪಕ್ಕದಿಂದ ಕಿರ್ ಕಿರ್ ಸದ್ದು ಬಂತು. ತಗಡು ಬಿಚ್ಚಿ ಹೇರಲು ಲಾರಿಗಳು ಬಂದು ನಿಂತಿದ್ದವಂತೆ. ಪರದೆ ಬಿತ್ತು, ಆಕೆಯ ಬೆರಳಿಗೂ ನನಗೂ ನಡುವೆ. ಜನ ಸ್ವಲ್ಪ ಹೊತ್ತು ಕೂಗಿದರು. ಆಮೇಲೆ ಕುರ್ಚಿ ಸರಿದ ಸದ್ದು. ಬೆಳಗಾಗುವಷ್ಟರಲ್ಲಿ ಥೇಟರು ಇರಲಿಲ್ಲ, ಮೈದಾನದಲ್ಲಿ ನನ್ನ ತಗ್ಗು ಮಾತ್ರ ಇತ್ತು.

ಕಂಪನಿ ಮುಚ್ಚಿತು. ಪರದೆಗಳು ಒಬ್ಬರ ಪಾಲಾದವು, ಕುರ್ಚಿಗಳು ಇನ್ನೊಬ್ಬರ ಪಾಲಾದವು. ನನ್ನನ್ನು ಮಾಲಕರು ಮಾಸ್ತರರಿಗೆ ಬಿಟ್ಟರು. ಮಾಸ್ತರರು ಮುರಿಗೆಪ್ಪನ ಮನೆಗೆ ತಂದು ಮಗ್ಗದ ಕೋಣೆಯಲ್ಲಿ ಇಳಿಸಿದರು.

“ಮೂರು ತಿಂಗಳು ಇಟಗೋ ಮುರಿಗೆಪ್ಪ. ಬ್ಯಾರೆ ಕಂಪನಿ ಸಿಗತೈತಿ, ಬಂದು ಒಯ್ತೀನಿ.”

ಮುರಿಗೆಪ್ಪನ ಹೆಂಡತಿ ನೀಲವ್ವ ಹೊಸ್ತಿಲಲ್ಲಿ ನಿಂತಿದ್ದಳು. ಗಟ್ಟಿ ಪಾದ, ಬೆರಳ ಸಂದಿಯಲ್ಲಿ ಬಣ್ಣದ ನೂಲಿನ ಎಳೆ. “ಮನ್ಯಾಗ ಮಂದೀಗೆ ಮಲಗಾಕ ಜಾಗಿಲ್ಲ. ಇದು ಎಲ್ಲೆ ಮಲಗತೈತ್ರಿ?” ಅಂದಳು.

“ನಿಂತ ಇರತೈತಿ, ಬಿಡು,” ಅಂದ ಮುರಿಗೆಪ್ಪ.

ಮೂರು ತಿಂಗಳು ಇಪ್ಪತ್ತೆಂಟು ವರ್ಷವಾಯಿತು. ಮಾಸ್ತರರು ಬಾದಾಮಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತ ಉಳಿದರು. ಹಬ್ಬಕ್ಕೊಮ್ಮೆ ಬಂದು, ಪೆಡಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಹತ್ತು ನಿಮಿಷ ನುಡಿಸಿ ಹೋಗುತ್ತಿದ್ದರು. ಉಳಿದ ದಿನ ನನ್ನ ಮುಚ್ಚಳದ ಮೇಲೆ ನೂಲು ಸುತ್ತಿದ ಕಂಡಿಕೆ ತುಂಬಿದ ಬುಟ್ಟಿ, ಚಹದ ಕಪ್ಪು, ಒಮ್ಮೊಮ್ಮೆ ಬೆಕ್ಕು. ನೀಲವ್ವ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು ರಾಟಿಯಲ್ಲಿ ಲಾಳಿಗೆ ಬೇಕಾದ ಕಂಡಿಕೆ ಸುತ್ತುತ್ತಿದ್ದಳು. ಆಕೆ ಆ ನಾಟಕ ಒಮ್ಮೆಯೂ ನೋಡಿರಲಿಲ್ಲ. ಗಂಡ ಥೇಟರಿನಲ್ಲಿದ್ದಾಗ ನಾಳೆಯ ಕಂಡಿಕೆ ಸುತ್ತುವವರು ಬೇಕಲ್ಲ.

“ನಿಮ್ಮ ರಾಣಿ ಇನ್ನಾ ಹೊಳಿ ದಾಟಿಲ್ಲೇನ್ರಿ?” ಎಂದು ಗಂಡನನ್ನು ಚುಚ್ಚುತ್ತಿದ್ದಳು. “ಇಷ್ಟು ವರ್ಷದಾಗ ಈಜು ಕಲತಿದ್ರೂ ಆಗತಿತ್ತು.”

ಮುರಿಗೆಪ್ಪ ಮಗ್ಗದಲ್ಲಿ ಕೂತು ಆ ಹಾಡನ್ನೇ ಗುನುಗುತ್ತಿದ್ದ. ಅವನಿಗೆ ಶ್ರುತಿಯಿರಲಿಲ್ಲ. ಆ ವರ್ಷಗಳಲ್ಲಿ ನಾನು ಅನುಭವಿಸಿದ ಹಿಂಸೆಯಲ್ಲಿ ಇಲಿಗಳದ್ದು ಎರಡನೆಯದು.

ಹೋದ ವರ್ಷ ಶ್ರಾವಣದಲ್ಲಿ ಚಹದಂಗಡಿಯ ಶಿವಪುತ್ರಪ್ಪ ಓಡಿ ಬಂದ. ಅವನೂ ಮೊದಲ ಸಾಲಿನವನೇ. ಅವಸರದಲ್ಲಿ ಚಪ್ಪಲಿ ಎಡಬಲ ಅದಲುಬದಲಾಗಿದ್ದವು.

“ಮುರಿಗೆಪ್ಪಾ, ರಾಣಿ ಬರಾಕತ್ತಾಳ!”

ಬಾಗಲಕೋಟೆಯ ಒಂದು ಹವ್ಯಾಸಿ ತಂಡ ‘ಹೊಳೆಯಾಚೆಯ ರಾಣಿ’ಯನ್ನು ಮತ್ತೆ ಆಡುತ್ತದಂತೆ. ಮೊದಲ ಆಟ ಗುಳೇದಗುಡ್ಡದಲ್ಲೇ, ದೀಪಾವಳಿಯ ನಂತರದ ಭಾನುವಾರ, ಮಧ್ಯಾಹ್ನ ಮೂರಕ್ಕೆ.

ಅಂದಿನಿಂದ ಮಗ್ಗದ ಕೋಣೆ ಮಗ್ಗದ ಕೋಣೆಯಾಗಿ ಉಳಿಯಲಿಲ್ಲ. ದಿನವೂ ನಾಲ್ಕಾರು ಜೋಡಿ ಮುದಿ ಪಾದಗಳು ನನ್ನ ಸುತ್ತ ನೆರೆಯತೊಡಗಿದವು. ಎರಡನೆಯ ಅಂಕದಲ್ಲಿ ರಾಣಿಯ ಸೀರೆ ಹಸಿರೋ ನೀಲಿಯೋ ಎಂಬ ಮಾತಿಗೆ ಇಬ್ಬರು ಎರಡು ದಿನ ಮುಖ ತಿರುಗಿಸಿಕೊಂಡರು. ಕೊನೆಯ ಆಟದಲ್ಲಿ ಬಿದ್ದದ್ದು ಐದೋ ಆರೋ ಎಂದು ಇನ್ನೊಂದು ಜಗಳ.

“ಐದು. ನಾ ಎಣಿಸೀನಿ,” ಅಂದ ಶಿವಪುತ್ರಪ್ಪ.

“ಕೂಗಿದ್ದು ಆರು, ಹಾಡಿದ್ದು ಐದು,” ಅಂದ ಮುರಿಗೆಪ್ಪ. “ಒಂದು ಉಳದೈತಿ.”

ಜಗಳ ಅಲ್ಲಿಗೆ ಮುಗಿಯಿತು.

ಹೊಸ ತಂಡದ ಹುಡುಗರು ಹಾಡುಗಳನ್ನು ಮೊದಲೇ ಮುದ್ರಿಸಿಕೊಂಡು ಯಂತ್ರದಲ್ಲಿ ಹಾಕುತ್ತೇವೆ ಅಂದರು. ಇವರೆಲ್ಲ ಎರಡು ಟಂಟಂ ಆಟೋ ಮಾಡಿಕೊಂಡು ಬಾಗಲಕೋಟೆಗೆ ಹೋಗಿ ಗಲಾಟೆ ಮಾಡಿದರಂತೆ. ಯಂತ್ರಕ್ಕೆ ಒನ್ಸ್‌ಮೋರ್ ತಿಳಿಯುತ್ತದೆಯೇ ಎಂದು ಶಿವಪುತ್ರಪ್ಪ ಕೇಳಿದನಂತೆ. ಕೊನೆಗೆ ಒಪ್ಪಂದವಾಯಿತು: ರಾಣಿಯ ಪಾತ್ರ ಒಬ್ಬ ಹೊಸ ಹುಡುಗಿ ಮಾಡುತ್ತಾಳೆ, ದೋಣಿಯ ಹಾಡಿನ ಹೊತ್ತಿಗೆ ಆಕೆ ಪಕ್ಕಕ್ಕೆ ಸರಿಯುತ್ತಾಳೆ, ಮುಪ್ಪಿನ ರಾಣಿಯಾಗಿ ಕಸ್ತೂರಿಬಾಯಿಯೇ ಬಂದು ಹಾಡುತ್ತಾಳೆ. ಪೇಟಿಗೆ ದಾವಲಸಾಬ ಮಾಸ್ತರರು. ಪೇಟಿ ನಾನು.

ನನ್ನನ್ನು ಬಿಚ್ಚಿದರು. ತಿದಿಯಲ್ಲಿ ಇಲಿ ಕೊರೆದ ಅಂಗೈಯಗಲ ತೂತಿತ್ತು. ಮುರಿಗೆಪ್ಪ ತಾನು ನೇಯ್ದ ಖಣದ ತುಂಡನ್ನು ಎರಡು ಮಡಿಕೆ ಮಾಡಿ ಸೈಕಲ್ ಪಂಚರಿನ ಸಲ್ಯೂಶನ್ ಹಚ್ಚಿ ಅಂಟಿಸಿದ. ಮಾಸ್ತರರು ಬಗ್ಗಿ ನೋಡಿದರು. “ಈ ತ್ಯಾಪಿ ತಡೀತೈತೇನು?”

“ನಾ ನೇದದ್ದು ರೀ ಮಾಸ್ತರ. ನೀವ ಹರದೀರಿ, ಅದು ಹರಿಯೂದಿಲ್ಲ.”

ಆಟಕ್ಕೆ ವಾರವಿದ್ದಾಗ ಜಮಖಂಡಿಯಿಂದ ಫೋನು ಬಂತು. ಕಸ್ತೂರಿಬಾಯಿಯನ್ನು ನೋಡಿಕೊಳ್ಳುತ್ತಿದ್ದ ಆಕೆಯ ತಂಗಿಯ ಮಗಳು ಶಿವಪುತ್ರಪ್ಪನಿಗೆ ಹೇಳಿದಳು: ದೊಡ್ಡವ್ವನಿಗೆ ದಮ್ಮು. ಡಾಕ್ಟರು ಹಾಡಬೇಡ ಅಂದಿದ್ದಾರೆ. ಒಂದು ಸಲ ಹೇಗೋ ಹಾಡುತ್ತಾಳೆ. ಆದರೆ ನೀವು ಒನ್ಸ್‌ಮೋರ್ ಅಂದರೆ ಆಕೆ ಇಲ್ಲ ಅನ್ನುವವಳಲ್ಲ. ದಯವಿಟ್ಟು ಅನ್ನಬೇಡಿ.

ಅಂದು ಸಂಜೆ ಹನ್ನೊಂದು ಜನ ನನ್ನ ಸುತ್ತ ಸೇರಿದರು. ಇಪ್ಪತ್ತೆಂಟು ವರ್ಷ ಕಾಯ್ದದ್ದು ಆ ಒಂದು ಕೂಗಿಗೆ.

“ಅಕಿ ಜೀವಕ್ಕಿಂತ ಹಾಡು ದೊಡ್ಡದಲ್ಲ,” ಅಂದ ಮುರಿಗೆಪ್ಪ, ನೆಲ ನೋಡುತ್ತ. “ಯಾರೂ ಕೂಗೂದು ಬ್ಯಾಡ. ಬಂದವರಿಗೆಲ್ಲ ಬಾಗಲದಾಗ ನಿಂತು ಹೇಳೂಣು. ಪೇಟಿ ಮ್ಯಾಲ ಕೈ ಇಡ್ರಿ.”

ಹನ್ನೊಂದು ಕೈ ನನ್ನ ಮುಚ್ಚಳದ ಮೇಲೆ ಬಿದ್ದವು. ಪೇಟಿ ಆಣೆ ಅಂದರು. ಮಾಸ್ತರರಿಗೆ ಹೇಳಬಾರದು ಎಂದೂ ತೀರ್ಮಾನವಾಯಿತು. ಅವರು ಕಸ್ತೂರಿಬಾಯಿಯ ಮುಂದೆ ಹೇಳಿಬಿಟ್ಟರೆ ಆಕೆ ಬೇಕೆಂದೇ ಎರಡು ಸಲ ಹಾಡಿಯಾಳು ಎಂದು.

ನೀಲವ್ವ ಚಹ ತಂದಿದ್ದಳು. “ಕೈ ತಗೀರಿ. ಕಪ್ಪು ಇಡಬೇಕು,” ಅಂದಳು. ಆಕೆಯ ಕೈ ಯಾರೂ ಕೇಳಲಿಲ್ಲ.

ಆಟದ ಹಿಂದಿನ ದಿನ ಮಧ್ಯಾಹ್ನ ಗಂಡಸರೆಲ್ಲ ಸಭಾಭವನದಲ್ಲಿ ಕುರ್ಚಿ ಹಾಕುತ್ತಿದ್ದರು. ಮಾಸ್ತರರು ನನ್ನ ಮುಂದೆ ಕೂತು ರೀಡು ಒರೆಸುತ್ತಿದ್ದರು, ನೀಲವ್ವ ರಾಟಿಯ ಮುಂದಿದ್ದಳು. ಹೊಸ್ತಿಲಲ್ಲಿ ಎರಡು ಪಾದಗಳು ಬಂದು ನಿಂತವು. ಊದಿಕೊಂಡಿದ್ದವು. ಹಿಮ್ಮಡಿಯಲ್ಲಿ ಅರಿಸಿನ.

“ಮಾಸ್ತರ, ಅದಾನೇನು ನಮ್ಮ ದೋಸ್ತ?”

ಮಾಸ್ತರರು ಎದ್ದು ನಿಲ್ಲಲು ಹೋಗಿ ಮೊಣಕಾಲು ಹಿಡಿದುಕೊಂಡರು. “ಬರ್ರಿ ಬಾಯಾರ. ಅದಾನ. ನಮ್ಮ ಹಂಗ ಅದಾನ.”

ಕಸ್ತೂರಿಬಾಯಿ ನನ್ನ ಮುಚ್ಚಳದ ಮೇಲೆ ಅಂಗೈ ಇಟ್ಟಳು, ಹನ್ನೊಂದು ಕೈ ಬಿದ್ದ ಅದೇ ಜಾಗದಲ್ಲಿ. ಒಂದೊಂದು ಮಾತಿಗೂ ನಡುವೆ ಉಸಿರು ಹುಡುಕಿಕೊಳ್ಳುತ್ತಿದ್ದಳು.

“ಕರಿ ನಾಕರಾಗ ಆಗೂದಿಲ್ಲ ಈಗ. ಕರಿ ಒಂದಕ್ಕ ಇಳಸು.”

“ಇಳಸತೀನ್ರಿ.”

“ಇನ್ನೊಂದು ಮಾತು. ಅವತ್ತು ಆರನೇದು ಹಾಡಲಿಲ್ಲ ನಾ. ಬಾಯಿ ತಗದಿದ್ದೆ, ಪರದೆ ಬಿತ್ತು. ಅವತ್ತಿಂದ ಆ ಹಾಡು ಇಲ್ಲೆ ಕುಂತೈತಿ.” ಎದೆ ಮುಟ್ಟಿಕೊಂಡಳೋ ಏನೋ, ಬಳೆ ಸದ್ದಾಯಿತು. “ಒಂದ ಒನ್ಸ್‌ಮೋರ್ ಬಂದ್ರ ಸಾಕು. ಅದನ್ನ ಹಾಡಿ ಮುಗಸ್ತೀನಿ. ಬರಲಿಲ್ಲಂದ್ರ…”

“ಬರತೈತಿ ಬಾಯಾರ. ಮುರಿಗೆಪ್ಪ ಇದ್ದಲ್ಲಿ ಬರದ ಇರತೈತೇನು?” ಅಂದರು ಮಾಸ್ತರರು ನಗುತ್ತ.

ರಾಟಿ ನಿಂತಿತ್ತು. ನೀಲವ್ವನೂ ಕೇಳಿದ್ದಳು. ಊರಿನಲ್ಲಿ ಎರಡೂ ಮಾತು ಗೊತ್ತಿದ್ದದ್ದು ಆಕೆಗೆ ಮತ್ತು ನನಗೆ. ನನಗೆ ಬಾಯಿರಲಿಲ್ಲ. ಆಕೆಗೆ ಇತ್ತು. ಗಂಡ ಊಟಕ್ಕೆ ಕೂತಾಗ ಹೇಳಲು ಹೋದಳು.

“ಅಲ್ರಿ, ಆ ಬಾಯಿ ಬಂದಿದ್ಲು. ಅಕೀಗೆ ಅದು ಬೇಕಂತ, ನೀವು ಕೂಗೂದು…”

“ನಿನಗೇನ ತಿಳೀತೈತಿ ನಾಟಕದ್ದು?” ಅಂದ ಮುರಿಗೆಪ್ಪ. “ಒಂದ ಆಟ ನೋಡೀಯೇನು? ಆಣೆ ಆಗೈತಿ. ಸುಮ್ಮನಿರು.”

ನೀಲವ್ವ ರೊಟ್ಟಿ ಬಡಿಸಿದಳು. ಮರುದಿನ ಬೆಳಿಗ್ಗೆ, ನಾನೂ ಬರ್ತೀನಿ ಆಟಕ್ಕ, ಅಂದಳು. ಮುರಿಗೆಪ್ಪನಿಗೆ ಎಷ್ಟು ಆಶ್ಚರ್ಯವಾಯಿತೆಂದರೆ ಲಾಳಿ ಕೈಯಿಂದ ಬಿತ್ತು.

ಸಭಾಭವನದಲ್ಲಿ ತಗ್ಗಿರಲಿಲ್ಲ. ವೇದಿಕೆಯ ಬುಡದಲ್ಲಿ ಬರೀ ನೆಲದ ಮೇಲೆ ಇಟ್ಟರು. ಎರಡು ಗಂಟೆಗೇ ಕುರ್ಚಿ ತುಂಬಿದವು. ಕೋಲೂರಿಕೊಂಡು ಬಂದವರು, ಇಸ್ತ್ರಿಯ ಗೆರೆ ಮಾಸದ ಧೋತರ ಉಟ್ಟವರು, ಹಳೆಯ ಆಟದ ಹರಿದ ಹಾಡಿನ ಪುಸ್ತಕ ಹಿಡಿದವರು. ಬಾಗಿಲಲ್ಲಿ ನಿಂತ ಶಿವಪುತ್ರಪ್ಪ ಪ್ರತಿಯೊಬ್ಬರ ಕಿವಿಯಲ್ಲಿ ಆಣೆಯ ಮಾತು ಹೇಳಿ ಒಳಗೆ ಬಿಡುತ್ತಿದ್ದ. ಹೆಂಗಸರ ಬಾಗಿಲು ಬೇರೆ. ಅಲ್ಲಿ ಹೇಳಲು ಒಂದು ಹುಡುಗಿಯನ್ನು ನಿಲ್ಲಿಸಿದ್ದ.

ಆಟ ನಡೆಯಿತು. ಹೊಸ ಹುಡುಗಿ ಚೆನ್ನಾಗಿಯೇ ಹಾಡಿದಳು. ಹಳಬರು ಒಂದೊಂದು ಹಾಡಿಗೂ ತಲೆದೂಗಿದರು, ಸೀರೆ ನೀಲಿ ಇದ್ದದ್ದಕ್ಕೆ ಒಬ್ಬ ಗೆದ್ದವನಂತೆ ಕೆಮ್ಮಿದ. ಆದರೆ ಕಾಲುಗಳು ಕಾಯುತ್ತಿದ್ದವು. ಮಾಸ್ತರರ ಕಾಲೂ. ಅವರ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನನ್ನೊಳಗೆ ಖಣದ ತೇಪೆ ಒಂದೊಂದು ಒತ್ತಿಗೂ ಸ್ವಲ್ಪ ಸ್ವಲ್ಪ ಏಳುತ್ತಿತ್ತು.

ಕೊನೆಯ ಅಂಕ. ಹುಡುಗಿ ಸರಿದಳು. ಊದಿದ ಎರಡು ಪಾದಗಳು ನಿಧಾನವಾಗಿ ದಡಕ್ಕೆ ಬಂದು ನಿಂತವು. ಯಾರೋ ಬಿಕ್ಕಿದರು. ಮಾಸ್ತರರು ಬಗ್ಗಿ ಪೆಡಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕರಿ ಒಂದು.

ಆಕೆ ಹಾಡಿದಳು. ಮೊದಲಿನ ದನಿಯಲ್ಲ. ಅದರ ಅಂಚೆಲ್ಲ ಉದುರಿತ್ತು. ಎಲ್ಲಿ ಸ್ವರ ಎಳೆಯಬೇಕೋ ಅಲ್ಲಿ ಉಸಿರು ತೆಗೆದುಕೊಂಡಳು, ಎಲ್ಲಿ ಉಸಿರಿಲ್ಲವೋ ಅಲ್ಲಿ ನಾನು ತುಂಬಿದೆ. ಎತ್ತರದ ಸ್ವರ ಬಂತು. ಹೆಬ್ಬೆರಳು ಹಲಗೆಗೆ ಒತ್ತಿತು, ಉಗುರು ಬೆಳ್ಳಗಾಯಿತು. ಮಾಸ್ತರರು ಇದ್ದ ಬಲವನ್ನೆಲ್ಲ ಕಾಲಿಗೆ ತಂದರು. ಆ ಸ್ವರ ನಿಂತಿತು. ಸಣ್ಣಗೆ, ಆದರೆ ನಿಂತಿತು. ನನ್ನೊಳಗೆ ಅಂಟು ಬಿಟ್ಟ ಸದ್ದು ನನಗೆ ಮಾತ್ರ ಕೇಳಿಸಿತು. ಹಾಡು ಮುಗಿಯುವವರೆಗೆ ಮಿಕ್ಕ ಗಾಳಿ ಸಾಕಾಯಿತು.

ಆಮೇಲೆ ಮೌನ.

ಚಪ್ಪಾಳೆ ತಟ್ಟಿದರೆ ಆ ಭರಕ್ಕೆ ಕೂಗು ಹೊರಟೀತೆಂದು ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ನನ್ನ ಬೆನ್ನ ಹಿಂದೆ ಮುರಿಗೆಪ್ಪನ ಉಸಿರು ಕೇಳುತ್ತಿತ್ತು. ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದ. ಮುನ್ನೂರು ಜನ ಪ್ರೀತಿಯಿಂದ ಬಾಯಿ ಕಟ್ಟಿಕೊಂಡು ಕೂತಿದ್ದರು. ಮೇಲೆ ನಿಂತವಳಿಗೆ ಅದು ಹೇಗೆ ತಿಳಿಯಬೇಕು?

ಹೆಬ್ಬೆರಳು ಎದ್ದಿರಲಿಲ್ಲ.

ಒಂದು ಕ್ಷಣ, ಎರಡು, ಐದು. ಬೆರಳು ಒತ್ತಿಯೇ ಇತ್ತು. ಮಾಸ್ತರರು ಹಿಂದೆ ತಿರುಗಿ ಜನರನ್ನು ನೋಡಿದರು. ನಾನು ಬಾಳೆಲ್ಲ ಶಪಿಸಿದ ಆ ಶಬ್ದವನ್ನು ನನ್ನ ಅರವತ್ತೊಂದು ಮನೆಗಳಲ್ಲಿ ಹುಡುಕಿದೆ. ಇರಲಿಲ್ಲ. ಅದು ಮನುಷ್ಯರು ಹೇಳುವ ಮಾತು.

ಬೆರಳಿನ ಉಗುರಿಗೆ ಮೆಲ್ಲಗೆ ರಕ್ತ ಮರಳತೊಡಗಿತು. ಆಕೆ ಅದನ್ನು ಎತ್ತುತ್ತಿದ್ದಳು.

“ಏ ಯವ್ವಾ! ಇನ್ನೊಮ್ಮೆ ಹಾಡ!”

ಹೆಂಗಸರ ಸಾಲಿನಿಂದ. ಒನ್ಸ್‌ಮೋರ್ ಅನ್ನಬೇಕೆಂದು ಆಕೆಗೆ ಗೊತ್ತಿರಲಿಲ್ಲ. ನೀರಿನ ಕೊಡ ಮರೆತು ಹೊರಟವರನ್ನು ಓಣಿಯ ತುದಿಯಿಂದ ಕರೆಯುವ ದನಿಯಲ್ಲಿ ಕೂಗಿದ್ದಳು ನೀಲವ್ವ.

ಮುರಿಗೆಪ್ಪ ಎದ್ದು ನಿಂತ. “ಲೇ, ಆಣೆ ಆಗೈತಿ!”

“ನೀವು ಮಾಡೀರಿ. ನನ್ನ ಕೈ ಯಾರು ಕೇಳ್ಯಾರ? ನಾ ಚಾ ಕೊಡಾಕ ಬಂದಿದ್ದೆ,” ಅಂದಳು ನೀಲವ್ವ. ಮತ್ತೆ ವೇದಿಕೆಗೆ: “ಹಾಡ ಯವ್ವಾ, ಇವರನ್ನ ನೋಡಬ್ಯಾಡ. ಇವರಿಗೆ ಏನೂ ತಿಳಿಯೂದಿಲ್ಲ.”

ಯಾರೋ ನಕ್ಕರು. ಕಸ್ತೂರಿಬಾಯಿಯೂ ನಕ್ಕಳು, ಆ ನಗು ಕೆಮ್ಮಾಯಿತು, ಕೆಮ್ಮು ನಿಂತಿತು. ಹೆಬ್ಬೆರಳು ಮತ್ತೆ ಹಲಗೆಗೆ ಬಂತು.

ಮಾಸ್ತರರ ಎರಡೂ ಪಾದಗಳು ಇಳಿದವು. ಒತ್ತಿದರು. ಮತ್ತೆ ಒತ್ತಿದರು. ಪೆಡಲು ಆಡಿತು, ತಿದಿ ತೆರೆಯಿತು, ಗಾಳಿ ಖಣದ ಬಾಯಿಯಿಂದ ಸರ್ರನೆ ಹೊರಹೋಯಿತು. ನನ್ನಲ್ಲಿ ಒಂದು ಸ್ವರಕ್ಕಾಗುವಷ್ಟೂ ಇರಲಿಲ್ಲ. ಎಷ್ಟು ಸಾವಿರ ಸಲ ಬೇಡವೆಂದೆನೋ, ಆಗೆಲ್ಲ ನನ್ನಲ್ಲಿ ಉಸಿರಿತ್ತು. ಬೇಕೆಂದು ಅನ್ನಿಸಿದ್ದು ಇದೊಂದೇ ಸಲ.

ಮಾಸ್ತರರು ಮೇಲೆ ನೋಡಿ ತಲೆಯಾಡಿಸಿದರು. ಕಸ್ತೂರಿಬಾಯಿ ಕಾಯಲಿಲ್ಲ. ಪೇಟಿಯಿಲ್ಲದೆ, ಶ್ರುತಿಯಿಲ್ಲದೆ ತೆಗೆದಳು. ಅರ್ಧ ಹಾಡು, ಅರ್ಧ ಮಾತು. ಎತ್ತರದ ಜಾಗಕ್ಕೆ ಬಂದಾಗ ಸ್ವರ ಏಳಲಿಲ್ಲ. ಆಕೆ ಬೆರಳು ಒತ್ತಿ ಹಿಡಿದು ಸುಮ್ಮನೆ ನಿಂತಳು. ಆ ಖಾಲಿಯಲ್ಲಿ ನೇಕಾರರ ಕಾಲುಗಳು ಲಯ ಬಿಡಲಿಲ್ಲ. ಒಂದಾದ ಮೇಲೊಂದು, ನೆಲಕ್ಕೆ ಮೆಲ್ಲಗೆ. ಅದರ ಮೇಲೆ ಆಕೆ ಕೊನೆಯ ಸಾಲನ್ನು ಹೇಳಿ ಮುಗಿಸಿದಳು. ಆಮೇಲೆ ಹೆಬ್ಬೆರಳನ್ನು ಎತ್ತಿದಳು, ತಾನಾಗಿ.

“ಮುಗೀತು ಮಾಸ್ತರ,” ಅಂದಳು. ಆಗ ಬಿದ್ದ ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಆಕೆ ಜಮಖಂಡಿಗೆ ಹೋದಳು. ಆಮೇಲೆ ಎಲ್ಲೂ ಹಾಡಿಲ್ಲವಂತೆ, ಕೇಳಿದರೆ ಹ್ಞೂ ಮುಗದೈತಿ ಅನ್ನುತ್ತಾಳಂತೆ. ಮಾಸ್ತರರು ನನ್ನ ಮುಚ್ಚಳ ಮುಚ್ಚುವಾಗ ಪೆಡಲನ್ನು ಮುಟ್ಟಿದರು, ಆದರೆ ಕಣ್ಣಿಗೆ ಒತ್ತಿಕೊಳ್ಳಲು ಕೈ ಅಷ್ಟು ಎತ್ತರ ಏಳಲಿಲ್ಲ. ಹೊಸ ತಂಡ ಊರೂರಿಗೆ ಆಟ ಒಯ್ದಿದೆ, ಯಂತ್ರದ ಹಾಡಿನೊಂದಿಗೆ.

ನಾನು ಮತ್ತೆ ಮಗ್ಗದ ಕೋಣೆಯ ಮೂಲೆಯಲ್ಲಿದ್ದೇನೆ. ತಿದಿಗೆ ಹೊಸ ಚರ್ಮ ಹಾಕಿಸುತ್ತೇನೆಂದು ಮುರಿಗೆಪ್ಪ ಹೇಳುತ್ತಿರುತ್ತಾನೆ. ಬೇಡ. ನನಗೆ ಸಾಕಾಗಿದೆ, ಮತ್ತು ಈ ಸಾಕು ಹಳೆಯ ಸಾಕಿನಂತಲ್ಲ. ಮುಚ್ಚಳದ ಮೇಲೆ ಕಂಡಿಕೆಯ ಬುಟ್ಟಿಯಿದೆ, ಬೆಕ್ಕಿದೆ. ಕೆಳಗೆ ನೀಲವ್ವ ರಾಟಿ ತಿರುಗಿಸುತ್ತ ಕೂತಿರುತ್ತಾಳೆ. ಒಮ್ಮೊಮ್ಮೆ, ಗಂಡ ಇಲ್ಲದಾಗ, ಆ ಹಾಡನ್ನು ಹೇಳಿಕೊಳ್ಳುತ್ತಾಳೆ. ಧಾಟಿ ಸಂಪೂರ್ಣ ತಪ್ಪು. ದೋಣಿಯ ಮಾತು ದೀಪದ ಮಾತಿನ ನಂತರ ಬರುತ್ತದೆ, ಎತ್ತರದ ಜಾಗದಲ್ಲಿ ಕಸ್ತೂರಿಬಾಯಿ ನಿಂತಂತೆ ಸುಮ್ಮನೆ ನಿಲ್ಲುತ್ತಾಳೆ, ಹಾಡು ಇರುವುದೇ ಹಾಗೆ ಎಂದುಕೊಂಡಿದ್ದಾಳೆ.

ಮುಗಿಸಿದ ಮೇಲೆ ರಾಟಿ ಕೊಂಚ ನಿಲ್ಲುತ್ತದೆ. ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ನಾನು ಕಾಯುತ್ತೇನೆ. ಎಳೆ ಕೂಡಿಸಿಕೊಂಡು, ಯಾರೂ ಕೇಳದೆ, ಆಕೆ ಮೊದಲಿನಿಂದ ಶುರು ಮಾಡುತ್ತಾಳೆ.